ಕೋಳಿಗಳು ಒಂದರ ಗರಿ ಒಂದು ಕಿತ್ಕೊಳ್ತಿವೆಯಾ? ರಕ್ತ ಬರೋ ಮುಂಚೆ ಗೂಡು, ಮೇವು ನೋಡಿ

ತುಮಕೂರು: ಹಿತ್ತಲಲ್ಲಿ ಹತ್ತು ಕೋಳಿ ಇದ್ದರೆ ಮನೆಗೆ ಮೊಟ್ಟೆ, ಹಬ್ಬಕ್ಕೆ ಸಾರು, ಹೆಂಗಸರ ಕೈಗೆ ನಾಲ್ಕು ಕಾಸು. ಆದರೆ ಕೆಲವು ಮನೆಗಳಲ್ಲಿ ಕೋಳಿಗಳೇ ಒಂದರ ಬೆನ್ನಿನ ಗರಿ ಒಂದು ಕಿತ್ತು, ರಕ್ತ ಬರೋ ಹಾಗೆ ಕುಕ್ಕುತ್ತವೆ. 'ಇದು ಜಗಳಗಂಟಿ' ಅಂತ ಒಂದನ್ನು ಕೊಯ್ದರೆ, ಸ್ವಲ್ಪ ದಿನಕ್ಕೆ ಇನ್ನೊಂದು ಅದೇ ಕೆಲಸ ಶುರು ಮಾಡುತ್ತೆ. ಹೆಚ್ಚಿನ ಸಲ ತಪ್ಪು ಕೋಳಿಯದ್ದಲ್ಲ, ಗೂಡು ಮತ್ತು ಮೇವಿನದ್ದು.

ಮೊದಲು ಗುರುತಿಸಿ

ಹಿಂಡಿನಲ್ಲಿ ಯಾರು ಮೊದಲು ತಿನ್ನಬೇಕು ಅಂತ ಆಗಾಗ ತಲೆಗೆ ಒಂದೇಟು ಕುಕ್ಕೋದು ಸಹಜ, ಅದಕ್ಕೆ ಚಿಂತೆ ಬೇಡ. ವರ್ಷಕ್ಕೊಮ್ಮೆ ಹಳೇ ಗರಿ ತಾನಾಗೇ ಉದುರೋದೂ ಸಹಜ. ಆಗ ಗಾಯ ಇರಲ್ಲ, ಹೊಸ ಗರಿ ಮೊಳಕೆ ಕಾಣುತ್ತೆ. ಬೆನ್ನು, ಬಾಲದ ಬುಡ, ಗುದದ್ವಾರದ ಸುತ್ತ ಬೋಳಾಗಿ ಚರ್ಮ ಕೆಂಪಾಗಿದ್ದರೆ ಅದು ಕಿತ್ತಿರೋದು. ಹೇಟೆಗಳ ಬೆನ್ನು ಮಾತ್ರ ಬೋಳಾಗಿದ್ದರೆ ಹುಂಜ ಜಾಸ್ತಿ ಇದೆಯಾ ನೋಡಿ. 8-10 ಹೇಟೆಗೆ ಒಂದು ಹುಂಜ ಸಾಕು.

ರಕ್ತ ಕಂಡ ದಿನವೇ

ಕೋಳಿಗೆ ಕೆಂಪು ಕಂಡರೆ ಕುಕ್ಕೋ ಚಪಲ. ಒಂದು ಹನಿ ರಕ್ತ ಕಂಡರೆ ಇಡೀ ಹಿಂಡು ಸೇರಿಕೊಳ್ಳುತ್ತೆ, ಗುದದ್ವಾರ ಕುಕ್ಕಿದರೆ ಕರುಳನ್ನೇ ಎಳೆದು ಸಾಯಿಸಿಬಿಡುತ್ತವೆ. ಹಾಗಾಗಿ ನಾಳೆ ನೋಡೋಣ ಅನ್ನಬೇಡಿ.

* ಗಾಯವಾದ ಕೋಳಿಯನ್ನು ತಕ್ಷಣ ಬೇರೆ ಮಂಕರಿಯಲ್ಲಿ ಹಾಕಿ.
* ಕುದಿಸಿ ಆರಿಸಿದ ನೀರಲ್ಲಿ ಗಾಯ ತೊಳೆದು, ಬೇವಿನೆಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚಿ.
* ಗಾಯ ಪೂರ್ತಿ ಒಣಗೋವರೆಗೂ ಹಿಂಡಿಗೆ ಬಿಡಬೇಡಿ.
* ಯಾವ ಕೋಳಿ ಕುಕ್ಕುತ್ತೆ ಅಂತ ಗೊತ್ತಾದರೆ ಅದನ್ನೂ ಕೆಲವು ದಿನ ಬೇರೆ ಇಡಿ.

ಕಾರಣ ಎಲ್ಲಿದೆ?

ಮೇವು: ಬರೀ ನುಚ್ಚು, ರಾಗಿ, ಜೋಳ ಹಾಕೋರೇ ಹೆಚ್ಚು. ಮುಸುಕಿನ ಜೋಳದಲ್ಲಿ ಪ್ರೊಟೀನ್ ಶೇ 9ರ ಆಸುಪಾಸು, ಮೊಟ್ಟೆ ಇಡೋ ಕೋಳಿಗೆ ಬೇಕಿರೋದು ಶೇ 16ರಷ್ಟು. ಪ್ರೊಟೀನ್, ಉಪ್ಪಿನಂಶ ಕಮ್ಮಿಯಾದರೆ ಕೋಳಿ ಗರಿಗೇ ಬಾಯಿ ಹಾಕುತ್ತೆ. ಹೊರಗೆ ಬಿಟ್ಟರೆ ಹುಳ, ಗೆದ್ದಲು ತಿಂದು ಸರಿದೂಗಿಸಿಕೊಳ್ಳುತ್ತೆ. ಕೂಡಿ ಹಾಕಿದರೆ ಮೊಟ್ಟೆ ಕೋಳಿಯ ರೆಡಿ ಫೀಡ್ ಬೇಕೇ ಬೇಕು. ಅದರ ಜೊತೆ ಅಜೋಲಾ, ನುಗ್ಗೆಸೊಪ್ಪು ಕೊಡಬಹುದು. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ ಮಾತ್ರ ಹಾಕಲೇಬೇಡಿ, ವಿಷವಾಗುತ್ತೆ.

ಜಾಗ: ರಾತ್ರಿ ಗೂಡಲ್ಲೂ ಒಂದು ಕೋಳಿಗೆ ಕನಿಷ್ಠ 2 ಚದರ ಅಡಿ ಇರಲಿ. ಮೇವು, ನೀರು ಎರಡು-ಮೂರು ಕಡೆ ಇಡಿ. ಒಂದೇ ತಟ್ಟೆ ಇದ್ದರೆ ಬಲಶಾಲಿ ತಿನ್ನುತ್ತೆ, ಉಳಿದವು ಏಟು ತಿನ್ನುತ್ತವೆ.

ಬಿಸಿಲು, ಬೆಳಕು: ತಗಡಿನ ಗೂಡು ಬೇಸಿಗೆಯಲ್ಲಿ ಕಾದ ಹೆಂಚು. ಮೇಲೆ ತೆಂಗಿನ ಗರಿ ಹೊದಿಸಿ, ಗಾಳಿ ಆಡೋ ಹಾಗೆ ಮಾಡಿ. ರಾತ್ರಿಯೆಲ್ಲಾ ಬಲ್ಬ್ ಉರಿಸಬೇಡಿ. ಮೊಟ್ಟೆ ಇಡೋ ಜಾಗ ಮಬ್ಬುಗತ್ತಲಾಗಿದ್ದರೆ ಗುದದ್ವಾರ ಕುಕ್ಕೋದು ಕಮ್ಮಿ.

ಹೇನು: ರೆಕ್ಕೆ ಕೆಳಗೆ, ಬಾಲದ ಬುಡದಲ್ಲಿ ಗರಿ ಬಿಡಿಸಿ ನೋಡಿ. ಮಣ್ಣಲ್ಲಿ ಬೂದಿ ಬೆರೆಸಿ ಹೊರಳಾಡೋಕೆ ಗುಂಡಿ ಮಾಡಿಕೊಡಿ. ಹೇನು ಜಾಸ್ತಿ ಇದ್ದರೆ ಔಷಧಿಯನ್ನು ಪಶು ವೈದ್ಯರನ್ನು ಕೇಳಿಯೇ ಹಾಕಿ.

ಕೆಲಸ ಇಲ್ಲದಿರೋದು: ದಿನವೆಲ್ಲಾ ಕೆದಕೋದು ಕೋಳಿ ಗುಣ. ಸಿಮೆಂಟ್ ನೆಲದಲ್ಲಿ ಕೆದಕೋಕೆ ಏನೂ ಇಲ್ಲದಿದ್ದರೆ ಪಕ್ಕದ ಕೋಳಿಯನ್ನೇ ಕೆದಕುತ್ತೆ. ನೆಲಕ್ಕೆ ಭತ್ತದ ಹೊಟ್ಟು ಹಾಸಿ, ಸ್ವಲ್ಪ ಕಾಳು ಎರಚಿ. ಸೊಪ್ಪಿನ ಕಟ್ಟನ್ನು ಕೊಕ್ಕಿಗೆ ಎಟುಕೋ ಎತ್ತರದಲ್ಲಿ ತೂಗುಹಾಕಿ.

ಸಂತೆಯಿಂದ ತಂದ ಹೊಸ ಕೋಳಿ

ತಂದ ದಿನವೇ ಹಿಂಡಿಗೆ ಬಿಟ್ಟರೆ ಕಾದಾಟ ಗ್ಯಾರಂಟಿ, ರೋಗವೂ ಬರಬಹುದು. ಮೊದಲು ಎರಡು-ಮೂರು ವಾರ ದೂರ ಇಡಿ. ಆಮೇಲೆ ಒಂದು ವಾರ ಜಾಲರಿ ಆಚೆ ಇಟ್ಟು ಮುಖ ಪರಿಚಯ ಆಗಲಿ. ಕೊನೆಗೆ ಕತ್ತಲಾದ ಮೇಲೆ ಗೂಡಿಗೆ ಸೇರಿಸಿ. ಒಂದನ್ನೇ ತರೋದಕ್ಕಿಂತ ಎರಡು-ಮೂರು ಒಟ್ಟಿಗೆ ತಂದರೆ ಏಟು ಹಂಚಿಹೋಗುತ್ತೆ.

ಕೊಕ್ಕು ಕತ್ತರಿಸಬೇಡಿ

ಕೊಕ್ಕಿನೊಳಗೆ ನರ, ರಕ್ತ ಎರಡೂ ಇವೆ. ಬ್ಲೇಡಲ್ಲಿ ಕತ್ತರಿಸಿದರೆ ಕೋಳಿ ನೋವಿಗೆ ಮೇವು ಬಿಡುತ್ತೆ, ಹುಳ ಹಿಡಿಯೋಕೂ ಆಗಲ್ಲ. ಗಾಯ ಆಳವಾಗಿದ್ದರೆ, ಹುಳು ಬಿದ್ದಿದ್ದರೆ ಅಥವಾ ಮೇಲಿನದೆಲ್ಲಾ ಸರಿ ಮಾಡಿದರೂ ಕುಕ್ಕೋದು ನಿಲ್ಲದಿದ್ದರೆ ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಗೆ ತೋರಿಸಿ. ಕಿತ್ತುಹೋದ ಗರಿ ಮತ್ತೆ ಬರೋಕೆ ವಾರಗಟ್ಟಲೆ ಬೇಕು. ಅಲ್ಲಿವರೆಗೆ ಮೇವು, ಜಾಗ ಎರಡರಲ್ಲೂ ಕೈ ಹಿಡಿಯಬೇಡಿ.