ಎಂಡೋಸ್ಕೋಪಿ: ಎಚ್ಚರವಾದ ಮೇಲೂ ಬೇಕು ಎಚ್ಚರಿಕೆ

ಸಂಕೇಶ್ವರ: ಬೆಳಗಾವಿ ಮತ್ತು ಕೊಲ್ಹಾಪುರಗಳ ನಡುವೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿರುವ ಸಂಕೇಶ್ವರದಿಂದ ತಜ್ಞ ವೈದ್ಯರನ್ನು ಕಾಣಲು ಈ ಎರಡೂ ನಗರಗಳಿಗೆ ಹೋಗಿ ಬರುವುದುಂಟು. ಬೆಳಗಾವಿ ಸುಮಾರು 50 ಕಿ.ಮೀ. ದೂರ. ಬೆಳಿಗ್ಗೆ ಹೋಗಿ ಅದೇ ದಿನ ಮರಳಬಹುದಾದ ತಪಾಸಣೆಗಳಲ್ಲಿ ಜಠರದ ಎಂಡೋಸ್ಕೋಪಿಯೂ ಒಂದು. ಆದರೆ ಮಂಪರು ಔಷಧ ಪಡೆದವರು ಸ್ವತಃ ವಾಹನ ಚಲಾಯಿಸಿಕೊಂಡು ಮರಳುವಂತಿಲ್ಲ.

ಏನಿದು ತಪಾಸಣೆ?

ತುದಿಯಲ್ಲಿ ದೀಪ ಹಾಗೂ ಕ್ಯಾಮೆರಾ ಇರುವ, ಬಾಗುವ ತೆಳು ಕೊಳವೆಯನ್ನು ಬಾಯಿಯ ಮೂಲಕ ಇಳಿಸಿ ಅನ್ನನಾಳ, ಜಠರ ಮತ್ತು ಸಣ್ಣ ಕರುಳಿನ ಮೊದಲ ಭಾಗವನ್ನು ಪರೀಕ್ಷಿಸಲಾಗುತ್ತದೆ. ನುಂಗಲು ತೊಂದರೆ, ರಕ್ತವಾಂತಿ, ಕಾರಣ ತಿಳಿಯದ ರಕ್ತಹೀನತೆ ಇದ್ದವರಿಗೆ ವೈದ್ಯರು ಇದನ್ನು ಸೂಚಿಸುತ್ತಾರೆ.

ಸಿದ್ಧತೆ

ಸಾಮಾನ್ಯವಾಗಿ 6ರಿಂದ 8 ಗಂಟೆ ಊಟ-ಉಪಾಹಾರ ವರ್ಜ್ಯ. ನೀರನ್ನು 2 ಗಂಟೆ ಮೊದಲೇ ನಿಲ್ಲಿಸಬೇಕು. ಹಾಲು ಬೆರೆತ ಚಹಾ ನೀರಿಗೆ ಸಮವಲ್ಲ. ಜಠರದಲ್ಲಿ ಆಹಾರ ಉಳಿದಿದ್ದರೆ ಅದು ಶ್ವಾಸಕೋಶಕ್ಕೆ ಸೇರುವ ಅಪಾಯವಿದೆ. ಮಧುಮೇಹದ ಔಷಧ, ರಕ್ತ ತೆಳುವಾಗಿಸುವ ಮಾತ್ರೆ, ಅಲರ್ಜಿ, ಅಸ್ತಮಾ, ಗೊರಕೆಯ ತೊಂದರೆಗಳನ್ನು ಮೊದಲೇ ತಿಳಿಸಬೇಕು. ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಬಾರದು. ಕಟ್ಟಿಸಿದ ಹಲ್ಲಿನ ಸೆಟ್ ತೆಗೆದಿಡಬೇಕು.

ಮಂಪರಿನಲ್ಲಿ ಏನಾಗುತ್ತದೆ?

ರೋಗಿಯನ್ನು ಎಡಮಗ್ಗುಲಾಗಿ ಮಲಗಿಸಿ, ಬೆರಳಿಗೆ ಆಮ್ಲಜನಕದ ಪ್ರಮಾಣ ಅಳೆಯುವ ಕ್ಲಿಪ್ ಹಾಕುತ್ತಾರೆ. ಗಂಟಲಿಗೆ ಮರಗಟ್ಟಿಸುವ ಸ್ಪ್ರೇ, ರಕ್ತನಾಳಕ್ಕೆ ಮಿಡಜೋಲಮ್‌ನಂತಹ ಔಷಧ ನೀಡುವುದುಂಟು. ಹಗುರ ಮಂಪರಿನಲ್ಲಿ ರೋಗಿ ಕರೆದರೆ ಓಗೊಡಬಲ್ಲ, ಆದರೆ ನಂತರ ಬಹುಪಾಲು ನೆನಪಿರದು. ಪ್ರೊಪೊಫಾಲ್ ನೀಡಿದರೆ ನಿದ್ರೆ ಗಾಢ. ಉಸಿರಾಟ ನಿಧಾನವಾಗುವ ಸಂಭವವಿರುವುದರಿಂದ ಅದರ ಮೇಲೆ ನಿಗಾ ಇಡಲು ಪ್ರತ್ಯೇಕ ಸಿಬ್ಬಂದಿ ಇರಬೇಕು. ಯಾರಿರುತ್ತಾರೆಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನವೇ ಕೇಳುವುದು ರೋಗಿಯ ಹಕ್ಕು. ತಪಾಸಣೆ ಸಾಮಾನ್ಯವಾಗಿ 5ರಿಂದ 15 ನಿಮಿಷಗಳಲ್ಲಿ ಮುಗಿಯುತ್ತದೆ. ಅಗತ್ಯವಿದ್ದರೆ ಸಣ್ಣ ಅಂಗಾಂಶದ ತುಣುಕು ತೆಗೆಯುತ್ತಾರೆ, ಇದರಿಂದ ನೋವಾಗದು.

ಮರಳುವಾಗ

ಎದ್ದು ಮಾತನಾಡಿದ ರೋಗಿ ಪೂರ್ಣ ಚೇತರಿಸಿಕೊಂಡಂತೆ ಕಂಡರೂ ಗಮನಶಕ್ತಿ ಮತ್ತು ನಿರ್ಣಯಶಕ್ತಿ ಮಂದವಾಗಿಯೇ ಇರಬಹುದು. ಆದ್ದರಿಂದ 24 ಗಂಟೆ ಬೈಕ್, ಕಾರು, ಟ್ರ್ಯಾಕ್ಟರ್ ಓಡಿಸಬಾರದು, ಮೇವು ಕತ್ತರಿಸುವ ಯಂತ್ರ ಮುಟ್ಟಬಾರದು, ಮದ್ಯ ಸೇವಿಸಬಾರದು, ಜಮೀನು-ಸಾಲದ ಕಾಗದಗಳಿಗೆ ಸಹಿ ಹಾಕಬಾರದು. ಬೈಕಿನ ಹಿಂದೆ ಕುಳಿತು ಬರುವುದೂ ಸುರಕ್ಷಿತವಲ್ಲ. ಮನೆಯ ಹಿರಿಯರೊಬ್ಬರು ಜೊತೆಗಿರಬೇಕು. ವೈದ್ಯರ ಮಾತನ್ನು ಅವರೂ ಕೇಳಿಸಿಕೊಳ್ಳುವುದು ಒಳಿತು. ಒಂಟಿಯಾಗಿ ಹೋಗುವವರು ಮಂಪರು ಇಲ್ಲದೆ, ಕೇವಲ ಗಂಟಲ ಸ್ಪ್ರೇನಿಂದ ತಪಾಸಣೆ ಸಾಧ್ಯವೇ ಎಂದು ವಿಚಾರಿಸಬಹುದು.

ಗಂಟಲಿನ ಮರಗಟ್ಟುವಿಕೆ ಹೋಗುವವರೆಗೆ ಏನನ್ನೂ ಸೇವಿಸಬಾರದು. ತುಸು ಗಂಟಲು ನೋವು, ಹೊಟ್ಟೆಯುಬ್ಬರ ಸಹಜ. ತೀವ್ರ ಎದೆ ಅಥವಾ ಹೊಟ್ಟೆ ನೋವು, ಉಸಿರಾಟದ ತೊಂದರೆ, ಜ್ವರ, ರಕ್ತವಾಂತಿ, ಕಪ್ಪು ಮಲ ಕಂಡುಬಂದರೆ ತಡಮಾಡದೆ ಹತ್ತಿರದ ಆಸ್ಪತ್ರೆಗೆ ಹೋಗಬೇಕು. ತುರ್ತು ಆಂಬುಲೆನ್ಸ್‌ಗೆ ದೂರವಾಣಿ 108.