ನಾಲವಾರ ಸೀಮೆಯ ದೊಡ್ಡ ಅಂಗಡಿಗಳು: ಒಂದು ಸಮೀಕ್ಷೆ

ಮೊಬೈಲು ಬಂದುದರಿಂದಲೂ ಕಲಬುರಗಿಯಲ್ಲಿ ಮಾಲುಗಳು ತಲೆಯೆತ್ತಿದುದರಿಂದಲೂ ನಮ್ಮ ಕಡೆಯ ದೊಡ್ಡ ಅಂಗಡಿಗಳು ಬಾಗಿಲೆಳೆದುವೆಂದು ಬರೆಯುವವರು ಈಚೆಗೆ ಹೆಚ್ಚಿದ್ದಾರೆ. ಸಹಕಾರಿ ಭಂಡಾರಗಳ ಲೆಕ್ಕಪತ್ರಗಳ ನಡುವೆಯೇ ತಲೆ ನರೆತ ನನ್ನಂತಹವನಿಗೆ ಈ ನಿರ್ಣಯವು, ರೋಗಿ ತೀರಿಕೊಂಡ ಮೇಲೆ ಬಂದ ವೈದ್ಯನ ಮೇಲೆ ಕೊಲೆಯ ಆರೋಪ ಹೊರಿಸಿದಂತೆ ತೋರುತ್ತದೆ.

ಪೂರ್ವೇತಿಹಾಸವನ್ನು ವಿಸ್ತರಿಸಬೇಕಾದುದಿಲ್ಲ. 1871ರಲ್ಲಿ ರಾಯಚೂರಿನವರೆಗೂ, 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೂ ರೈಲು ನಡೆದಮೇಲೆ, ಚಿತ್ತಾಪುರ ಸೇಡಂಗಳ ಸ್ಥಿತಿವಂತರಿಗೆ ಹೈದರಾಬಾದಿನ ಪೇಟೆ ಎಟುಕುವಂತಾಯಿತು. ಅಲ್ಲಿ ಆಬಿದನೆಂಬ ಆರ್ಮೇನಿಯನ್ ವರ್ತಕನು ಅಂಗಡಿಯಿಟ್ಟ ಸ್ಥಳವು ಇಂದಿಗೂ ಆಬಿಡ್ಸ್ ಎಂದೇ ಕರೆಯಲ್ಪಡುತ್ತಿದೆ. ರೈಲು ಮುಟ್ಟದ ಚಿಂಚೋಳಿಗೆ ಸಂತೆ, ಜಾತ್ರೆ, ಕಿರಾಣಿ ಅಂಗಡಿಗಳೇ ಗತಿಯಾಗಿದ್ದುವು. ರೈಲು ನಿಲ್ಲುತ್ತಿದ್ದ ನಾಲವಾರದ ಬಡವನ ಪಾಡೂ ಬೇರೆಯಾಗಿರಲಿಲ್ಲ.

ಗ್ರಾಹಕನನ್ನು ನಿರ್ಮಿಸಿದ್ದು ಕಾರ್ಖಾನೆಯ ಪಗಾರ. ಶಹಾಬಾದಿನ ಸಿಮೆಂಟ್ ಕಾರ್ಖಾನೆ 1936ರಲ್ಲಿ ಎ.ಸಿ.ಸಿ.ಯೊಳಗೆ ಸೇರಿತು, 1968ರಲ್ಲಿ ವಾಡಿಯಲ್ಲೂ ಅದೇ ಕಂಪನಿಯ ಕಾರ್ಖಾನೆ ಆರಂಭವಾಯಿತು. ಸುಗ್ಗಿಗೊಮ್ಮೆ ಹಣ ಕಾಣುತ್ತಿದ್ದ ನಾಡಿನಲ್ಲಿ ತಿಂಗಳಿಗೊಮ್ಮೆ ಹಣ ಕಾಣುವ ಕುಟುಂಬಗಳು ಹುಟ್ಟಿದುವು.

ನಮ್ಮ ಪೀಳಿಗೆಯು ಸಹಕಾರಿ ವ್ಯಾಪಾರದ ಕ್ಷೇತ್ರವನ್ನು ಪ್ರವೇಶಿಸಿದ್ದು ಆಗಲೇ. ಚೀನಾ ಯುದ್ಧದ ವರ್ಷವಾದ 1962ರಲ್ಲಿ ಕೇಂದ್ರ ಸರಕಾರವು ಬಳಕೆದಾರರ ಸಹಕಾರಿ ಭಂಡಾರಗಳ ಯೋಜನೆಯನ್ನು ಕೈಗೊಂಡಿತು. 1966ರಲ್ಲಿ ರೂಪಾಯಿಯ ಅಪಮೌಲ್ಯವಾದೊಡನೆ ದಿಲ್ಲಿಯಲ್ಲಿ ಸೂಪರ್ ಬಜಾರ್ ತೆರೆಯಿತು. ಕರ್ನಾಟಕದಲ್ಲಿ ಜನತಾ ಬಜಾರುಗಳು ಹುಟ್ಟಿದುವು. ಸಕ್ಕರೆ, ಕಂಟ್ರೋಲ್ ಬಟ್ಟೆ, ಡಾಲ್ಡಾ, ನೋಟ್‌ಬುಕ್ಕು, ಸ್ಟೋವು, ಇವೆಲ್ಲವನ್ನೂ ಒಂದೇ ಸೂರಿನಡಿ ಇಟ್ಟು, ಬೆಲೆಯನ್ನು ಹಲಗೆಯ ಮೇಲೆ ಬರೆದು, ಬರೆದ ಬೆಲೆಗೇ ಗೌಡನ ಮನೆಯವರಿಗೂ ಫರ್ಸಿ ಗಣಿಯಲ್ಲಿ ಕಲ್ಲು ಹೊರುವವಳಿಗೂ ತೂಗಿಕೊಟ್ಟ ಆ ಭಂಡಾರಗಳು, ತಕ್ಕಡಿಯ ಮುಂದೆ ಬಡವನಿಗೆ ದೊರೆತ ಮೊದಲ ಸಮಾನತೆಯೆಂದು ನಾನು ಈಗಲೂ ನಂಬಿದ್ದೇನೆ. ಹಳೆಯ ಸಾಹುಕಾರರ ಔದಾರ್ಯವನ್ನು ಕೊಂಡಾಡುವ ಇಂದಿನ ಲೇಖನಗಳಲ್ಲಿ ಆ ಔದಾರ್ಯದ ಬಡ್ಡಿಯ ಪ್ರಸ್ತಾಪ ಮಾತ್ರ ಬರುವುದಿಲ್ಲ. ಮಾಲು ಒಪ್ಪವಾಗಿ ಜೋಡಿಸಿಡುವ ಕಲೆ ನಮಗೆ ತಿಳಿಯದೆಂದು ನಕ್ಕವರೂ ಉಂಟು. ಅದು ನಿಜವೇ, ಆದರೆ ಅಂದು ಮಾಲು ದೊರಕುವುದೇ ದುರ್ಲಭವಾಗಿತ್ತು.

ಅವನತಿಯ ಬೀಜವೂ ಅಲ್ಲಿಯೇ ಇದ್ದಿತು. ಅಭಾವವಿರುವವರೆಗೆ ಜನರು ಸರತಿಯಲ್ಲಿ ನಿಂತರು. ನಿಯಂತ್ರಣಗಳು ಸಡಿಲಿದಂತೆ ಸಕ್ಕರೆಯೂ ಬಟ್ಟೆಯೂ ಎಲ್ಲೆಡೆ ದೊರೆಯತೊಡಗಿ, ಭಂಡಾರದ ಆಕರ್ಷಣೆ ಕುಂದಿತು. ಉದ್ರಿ ಕೊಡುವ ಅಧಿಕಾರ ನಮಗಿರಲಿಲ್ಲ. ಕಿರಾಣಿಯವನಿಗೆ ಇದ್ದಿತು, ಅವನು ಮಳೆಗಾಲವಿಡೀ ಕೊಟ್ಟನು. ಚುನಾಯಿತ ಮಂಡಲಿಗಳನ್ನು ವಿಸರ್ಜಿಸಿ ಆಡಳಿತಾಧಿಕಾರಿಗಳನ್ನು ಕೂರಿಸಿದಾಗ, ಸದಸ್ಯನಿಗೂ ಸಂಘಕ್ಕೂ ಇದ್ದ ನಂಟು ಕಡಿಯಿತು. ಶಹಾಬಾದಿನ ಹಳೆಯ ಸಿಮೆಂಟ್ ಕಾರ್ಖಾನೆ ನಿಂತುಹೋದಾಗ, ಪಗಾರವನ್ನೇ ನೆಚ್ಚಿದ್ದ ಅಂಗಡಿಗಳ ಕಾಲಡಿಯ ನೆಲವೇ ಜರಿಯಿತು. ಖಾಸಗಿಯವರೂ ಇದರಿಂದ ಪಾರಾಗಲಿಲ್ಲ. ಸಹಕಾರಿ ರಂಗದಲ್ಲಂತೂ ದಿಲ್ಲಿಯ ಸೂಪರ್ ಬಜಾರೇ 2002ರಲ್ಲಿ ಸಮಾಪನೆಗೆ ಗುರಿಯಾಯಿತು. ಇದೆಲ್ಲವೂ ಹಳ್ಳಿಯವನ ಕೈಗೆ ಸ್ಮಾರ್ಟ್‌ಫೋನು ಬರುವುದಕ್ಕೆ ಮುಂಚಿನ ಮಾತು. ಅನಂತರ ಬಂದ ಸರಣಿ ಅಂಗಡಿಗಳೇನು ಚಿರಂಜೀವಿಗಳೇ? ದೇಶವಿಡೀ ಹರಡಿದ್ದ ಬಿಗ್ ಬಜಾರ್ 2022ರಲ್ಲಿ ಕುಸಿದುದನ್ನು ಎಲ್ಲರೂ ಕಂಡಿದ್ದಾರೆ.

ಬೆಂಗಳೂರಿನ ನೀಲಗಿರೀಸ್ ಕುರಿತು ಲೇಖನಗಳು ಬಂದಿವೆ. ಮದರಾಸಿನ ಸ್ಪೆನ್ಸರನ್ನು ಕುರಿತು ಇತಿಹಾಸಕಾರರು ಬರೆದಿದ್ದಾರೆ. ವಾಡಿ, ಸೇಡಂ, ಶಹಾಬಾದುಗಳ ಅಂಗಡಿಗಳ ಪಾಲಿಗೆ ಒಂದು ಸಂಶೋಧನ ಪ್ರಬಂಧವೂ ನನ್ನ ಕಣ್ಣಿಗೆ ಬಿದ್ದಿಲ್ಲ. ನಿಜಾಮರ ಕಾಲದ ಉರ್ದು ಕಾಗದಗಳನ್ನು ಓದಬಲ್ಲವರು ವಿರಳರಾಗುತ್ತಿದ್ದಾರೆ. ಸಹಕಾರಿ ಸಂಘಗಳ ನಡವಳಿ ಪುಸ್ತಕಗಳನ್ನು ಗೆದ್ದಲು ತಿನ್ನುತ್ತಿದೆ. ಅವನ್ನಿಟ್ಟಿರುವ, ಸೂರು ಸೋರುವ ಕೋಣೆಗಳ ಬೀಗದಕೈ ಯಾರ ಬಳಿ ಇದೆಯೋ ಅವರು, ಹಳೆಯ ಖಾತೆವಹಿಗಳನ್ನು ರದ್ದಿಯವನಿಗೆ ತೂಗಿಹಾಕುವ ಮುನ್ನ, ಗುಲಬರ್ಗಾ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಒಂದು ಕಾಗದ ಬರೆಯಬೇಕೆಂದು ಕೋರುತ್ತೇನೆ.