ಪ್ರತಿಭಾವಂತರಿಂದ ಸಾಮಾನ್ಯರ ಕಡೆಗೆ: ಎರಾಸ್ಮಸ್ ಅನುದಾನದ ನಾಲ್ಕು ದಶಕ

ಎ.ಕೆ. ರಾಮಾನುಜನ್ 1959ರಲ್ಲಿ ಫುಲ್‌ಬ್ರೈಟ್ ನೆರವಿನಿಂದ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋದರು. ನಾಲ್ಕು ವರ್ಷಗಳ ನಂತರ ಯು.ಆರ್. ಅನಂತಮೂರ್ತಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಪಡೆದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಸೇರಿದರು. ‘ಸಂಸ್ಕಾರ’ ಬರೆದದ್ದು ಅಲ್ಲಿದ್ದಾಗಲೇ. ಈ ಎರಡು ವಿದ್ಯಾರ್ಥಿವೇತನಗಳ ಋಣ ಕನ್ನಡ ಸಾಹಿತ್ಯದ ಮೇಲಿದೆ. ಆದರೆ ಆ ಕಾಲದಲ್ಲಿ ವಿದೇಶದ ಕಲಿಕೆಗೆ ಸರ್ಕಾರಗಳು ಕೊಡುತ್ತಿದ್ದ ಹಣದ ಸ್ವಭಾವವೇ ಬೇರೆ. ಸಾವಿರಾರು ಜನರ ನಡುವಿನಿಂದ ಒಬ್ಬ ಅಸಾಧಾರಣ ಪ್ರತಿಭಾವಂತನನ್ನು ಹುಡುಕಿ ತೆಗೆದು ಕಳಿಸುವ ಹಣ ಅದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಪರದೇಶಗಳಲ್ಲಿ ಉಳಿದುಹೋಗಿದ್ದ ಅಮೆರಿಕದ ಯುದ್ಧಸಾಮಗ್ರಿಯನ್ನು ಮಾರಿ ಬಂದ ದುಡ್ಡಿನಿಂದ 1946ರಲ್ಲಿ ಫುಲ್‌ಬ್ರೈಟ್ ಯೋಜನೆ ಹುಟ್ಟಿತು. 1950ರಲ್ಲಿ ಭಾರತವೂ ಒಪ್ಪಂದಕ್ಕೆ ಸಹಿ ಹಾಕಿತು. ಕಾಮನ್‌ವೆಲ್ತ್ ಯೋಜನೆ ರೂಪುಗೊಂಡದ್ದು 1959ರ ಆಕ್ಸ್‌ಫರ್ಡ್ ಸಮ್ಮೇಳನದಲ್ಲಿ. ಎರಡರಲ್ಲೂ ಆಯ್ಕೆಯ ಜರಡಿ ಬಹಳ ಸಣ್ಣದು.

ಸಾಧಾರಣ ವಿದ್ಯಾರ್ಥಿ, ಐಟಿಐ ಹುಡುಗ, ಊರಿನ ಯುವಕ ಸಂಘದ ಹುಡುಗಿ, ತಾಲ್ಲೂಕು ಮಟ್ಟದ ಕಬಡ್ಡಿ ಕೋಚ್, ಇಂಥವರೂ ಇನ್ನೊಂದು ದೇಶಕ್ಕೆ ಹೋಗಿ ಕೆಲವು ತಿಂಗಳು ಕಲಿತು ಬರಲಿ ಎಂದು ಸರ್ಕಾರ ದುಡ್ಡು ಕೊಡಬಹುದೇ? ಈ ಪ್ರಶ್ನೆಯನ್ನು ದೊಡ್ಡ ಪ್ರಮಾಣದಲ್ಲಿ ಕೈಗೆತ್ತಿಕೊಂಡದ್ದು ಯುರೋಪ್. ಅದರ ಎರಾಸ್ಮಸ್ ಯೋಜನೆಯ ಚರಿತ್ರೆಯನ್ನು ಬಜೆಟ್ಟಿನ ಮೊತ್ತಗಳ ಏರಿಕೆಯಾಗಿ ಹೇಳುವುದೇ ರೂಢಿ. ಆ ಹಣ ಯಾರ ಕೈವರೆಗೆ ತಲುಪಿತು ಎಂಬ ದಿಕ್ಕಿನಿಂದ ನೋಡಿದಾಗ ನನಗೆ ಈ ಚರಿತ್ರೆ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಇದರ ಮೂಲವನ್ನು ಎರಡು ಕಡೆ ಹುಡುಕಬೇಕು. ಮೊದಲನೆಯದು ಸೋಫಿಯಾ ಕೊರಾಡಿ ಎಂಬ ಇಟಲಿಯ ಕಾನೂನು ವಿದ್ಯಾರ್ಥಿನಿಗೆ ಆದ ಅನ್ಯಾಯ. ಆಕೆ ಫುಲ್‌ಬ್ರೈಟ್ ನೆರವಿನಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ ಪಡೆದು 1958ರಲ್ಲಿ ರೋಮ್‌ಗೆ ಮರಳಿದರು. ಅಲ್ಲಿ ಓದಿದ್ದನ್ನು ಇಲ್ಲಿನ ಪದವಿಗೆ ಪರಿಗಣಿಸಿ ಎಂದು ಕೇಳಿದಾಗ ವಿಶ್ವವಿದ್ಯಾಲಯ ಸಾರಾಸಗಟಾಗಿ ನಿರಾಕರಿಸಿತು. ಮುಂದೆ ಇಟಲಿಯ ಕುಲಪತಿಗಳ ಒಕ್ಕೂಟಕ್ಕೆ ಸಲಹೆಗಾರರಾದ ಕೊರಾಡಿ 1969ರಿಂದ ಒಂದೇ ಮಾತನ್ನು ಪಟ್ಟುಹಿಡಿದು ಹೇಳುತ್ತ ಬಂದರು: ಹೊರದೇಶದಲ್ಲಿ ಓದಿದ ಅವಧಿಗೆ ತವರಿನಲ್ಲಿ ಮಾನ್ಯತೆ ಸಿಗಬೇಕು. ಎರಡನೆಯ ಮೂಲ ಅಷ್ಟು ಪ್ರಸಿದ್ಧವಲ್ಲ. ನೂರು ವರ್ಷಕ್ಕೂ ಕಡಿಮೆ ಅವಧಿಯಲ್ಲಿ ಮೂರು ಸಲ ಯುದ್ಧ ಮಾಡಿದ್ದ ಫ್ರಾನ್ಸ್ ಮತ್ತು ಜರ್ಮನಿ 1963ರಲ್ಲಿ ಸ್ನೇಹ ಒಪ್ಪಂದಕ್ಕೆ ಸಹಿ ಹಾಕಿ, ಅದೇ ವರ್ಷ ಜಂಟಿ ಯುವಜನ ಕಚೇರಿಯೊಂದನ್ನು ತೆರೆದವು. ಅದರ ಖರ್ಚನ್ನು ಎರಡೂ ಸರ್ಕಾರಗಳು ಸಮಪಾಲಾಗಿ ಹೊತ್ತವು. ಶಾಲೆಯ ಮಕ್ಕಳು, ಕೆಲಸ ಕಲಿಯುತ್ತಿದ್ದ ಹುಡುಗರು, ಆಟದ ಕ್ಲಬ್ಬಿನವರು ಒಬ್ಬರ ದೇಶಕ್ಕೆ ಇನ್ನೊಬ್ಬರು ಹೋಗಿಬಂದರು. ಇಲ್ಲಿಯವರೆಗೆ 90 ಲಕ್ಷಕ್ಕೂ ಹೆಚ್ಚು ಯುವಜನ ಇದರಲ್ಲಿ ಭಾಗವಹಿಸಿದ್ದಾರೆ. ಅಂಕಪಟ್ಟಿ ನೋಡದೆ, ಯಾರನ್ನೂ ಶ್ರೇಷ್ಠರೆಂದು ಆರಿಸದೆ ಕಳಿಸಬಹುದು ಎಂದು ತೋರಿಸಿದ್ದು ಈ ಕಚೇರಿ.

1976ರಲ್ಲಿ ಆಗಿನ ಯುರೋಪಿಯನ್ ಸಮುದಾಯ, ಅಂದರೆ ಇಂದಿನ ಐರೋಪ್ಯ ಒಕ್ಕೂಟ, ಶಿಕ್ಷಣಕ್ಕೆಂದು ಮೊದಲ ಕ್ರಿಯಾಯೋಜನೆ ಒಪ್ಪಿಕೊಂಡಿತು. ವಿಶ್ವವಿದ್ಯಾಲಯಗಳ ವಿಭಾಗಗಳು ತಮ್ಮ ತಮ್ಮಲ್ಲೇ ಮಾತಾಡಿಕೊಂಡು ವಿದ್ಯಾರ್ಥಿಗಳನ್ನು ಅದಲುಬದಲು ಮಾಡಿಕೊಳ್ಳಲು ಸಣ್ಣ ಮೊತ್ತಗಳು ದೊರೆತವು. ಸುಮಾರು ಹತ್ತು ವರ್ಷದ ಈ ಪ್ರಯೋಗವನ್ನು ಸಮುದಾಯದ ಕಾರ್ಯಾಂಗವಾದ ಬ್ರಸೆಲ್ಸ್‌ನ ಆಯೋಗದಲ್ಲಿ ಬೆಳೆಸಿದವರಲ್ಲಿ ವೇಲ್ಸ್ ಮೂಲದ ಅಧಿಕಾರಿ ಹೈವೆಲ್ ಕೆರಿ ಜೋನ್ಸ್ ಮುಖ್ಯರು. ಪ್ರಯೋಗವನ್ನು ಯೋಜನೆಯಾಗಿಸುವ ಹೊತ್ತಿಗೆ ಜಗಳ ಶುರುವಾಯಿತು. ಆಯೋಗ ಕೇಳಿದ್ದು ಮೂರು ವರ್ಷಕ್ಕೆ 17.5 ಕೋಟಿ ಎಕ್ಯು, ಅಂದರೆ ಯೂರೊಗಿಂತ ಮೊದಲಿದ್ದ ಲೆಕ್ಕದ ನಾಣ್ಯದಲ್ಲಿ. ಸ್ವಂತ ವಿನಿಮಯ ಕಾರ್ಯಕ್ರಮಗಳಿದ್ದ ದೊಡ್ಡ ದೇಶಗಳು ಹಿಂದೇಟು ಹಾಕಿದವು. ಅವು ಕೊಡಲೊಪ್ಪಿದ ಪುಡಿಗಾಸಿಗೆ ಯೋಜನೆಯೇ ಬೇಡವೆಂದು ಆಯೋಗ ಪ್ರಸ್ತಾವವನ್ನೇ ಹಿಂದಕ್ಕೆ ಪಡೆದ ಘಟ್ಟವೂ ಬಂತು. ಕುಲಪತಿಗಳು, ವಿದ್ಯಾರ್ಥಿ ಸಂಘಟನೆಗಳು ಒತ್ತಡ ಹೇರಿದ ಮೇಲೆ 1987ರ ಜೂನ್ 15ರಂದು ಎರಾಸ್ಮಸ್ ಅಂಗೀಕಾರವಾಯಿತು. ಸಿಕ್ಕಿದ್ದು 8.5 ಕೋಟಿ ಎಕ್ಯು, ಕೇಳಿದ್ದರ ಅರ್ಧವೂ ಇಲ್ಲ. ಮೊದಲ ವರ್ಷ 11 ದೇಶಗಳಿಂದ 3,244 ವಿದ್ಯಾರ್ಥಿಗಳು ಹೊರಟರು. ಶಿಕ್ಷಣಕ್ಕೆ ಹಣ ಕೊಡುವ ಅಧಿಕಾರ ಸಮುದಾಯಕ್ಕೆ ಇದೆಯೇ, ಇದ್ದರೆ ಒಪ್ಪಂದದ ಯಾವ ವಿಧಿಯ ಕೆಳಗೆ ಎಂಬ ತಕರಾರು ಐರೋಪ್ಯ ನ್ಯಾಯಾಲಯದ ಮೆಟ್ಟಿಲೇರಿ, 1989ರಲ್ಲಿ ತೀರ್ಪು ಬಂತು.

ಇಷ್ಟು ಕಡಿಮೆ ಹಣದಲ್ಲಿ ಯೋಜನೆ ನಿಂತದ್ದು ಹೇಗೆ? ನನ್ನ ಮಟ್ಟಿಗೆ ಇಡೀ ಚರಿತ್ರೆಯ ಜೀವಾಳ ಇಲ್ಲಿದೆ. ಎರಾಸ್ಮಸ್ ಎಂದೂ ಪೂರ್ಣ ವಿದ್ಯಾರ್ಥಿವೇತನ ಆಗಿರಲಿಲ್ಲ. ವಿದ್ಯಾರ್ಥಿ ತನ್ನ ಊರಿನ ವಿಶ್ವವಿದ್ಯಾಲಯಕ್ಕೆ ಕಟ್ಟುವ ಶುಲ್ಕವನ್ನಷ್ಟೇ ಕಟ್ಟುತ್ತಾನೆ. ಬರಮಾಡಿಕೊಳ್ಳುವ ವಿಶ್ವವಿದ್ಯಾಲಯ ಬೋಧನಾ ಶುಲ್ಕ ಕೇಳುವಂತಿಲ್ಲ. ನಿಮ್ಮವರು ನಮ್ಮಲ್ಲಿ, ನಮ್ಮವರು ನಿಮ್ಮಲ್ಲಿ ಎಂಬ ಮುಯ್ಯಿಯ ಲೆಕ್ಕ. ಒಕ್ಕೂಟದ ಅನುದಾನ ತುಂಬುವುದು ಪರದೇಶದಲ್ಲಿ ಇರುವುದರಿಂದ ಬೀಳುವ ಹೆಚ್ಚುವರಿ ಖರ್ಚನ್ನು ಮಾತ್ರ. ಎರಡನೆಯ ಆಸರೆ 1989ರಲ್ಲಿ ಪ್ರಾಯೋಗಿಕವಾಗಿ ಶುರುವಾದ ಕ್ರೆಡಿಟ್ ವರ್ಗಾವಣೆ ಪದ್ಧತಿ. ಒಂದು ಶೈಕ್ಷಣಿಕ ವರ್ಷಕ್ಕೆ 60 ಕ್ರೆಡಿಟ್ ಎಂದು ಗೊತ್ತುಮಾಡಿದ್ದರಿಂದ ಲಿಸ್ಬನ್ನಿನಲ್ಲಿ ಪಾಸಾದ ವಿಷಯ ವಾರ್ಸಾದ ಅಂಕಪಟ್ಟಿಯಲ್ಲಿ ಕೂರುವಂತಾಯಿತು. ಕೊರಾಡಿಯವರ ಹಟ ಗೆದ್ದದ್ದು ಹೀಗೆ. ಪದವಿಗಳನ್ನು ಒಂದಕ್ಕೊಂದು ಹೊಂದಿಸಿಕೊಳ್ಳಲು ದೇಶಗಳು ಒಪ್ಪಿದ 1999ರ ಬೊಲೊನ್ಯ ಘೋಷಣೆಯ ನಂತರ ಈ ಪದ್ಧತಿ ಯುರೋಪಿನ ಉನ್ನತ ಶಿಕ್ಷಣದ ಸಾಮಾನ್ಯ ಭಾಷೆಯಾಯಿತು. ಹಣಕ್ಕಿಂತ ಮಾನ್ಯತೆಯೇ ದೊಡ್ಡ ಅಡ್ಡಿಯಾಗಿತ್ತು ಎಂಬುದನ್ನು ನಾವು ಮರೆಯಬಾರದು. ನಮ್ಮಲ್ಲಿ ಒಂದು ವಿಶ್ವವಿದ್ಯಾಲಯದ ಸೆಮಿಸ್ಟರನ್ನು ಇನ್ನೊಂದು ಒಪ್ಪಿಕೊಳ್ಳಲು ವಿದ್ಯಾರ್ಥಿಗಳು ಪಡುವ ಪಾಡು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪದವಿ ವಿದ್ಯಾರ್ಥಿಗಳ ಆಚೆಗೆ ಹಣ ಹರಿಯಲು ಬೇರೆ ಕಾಲುವೆಗಳೇ ಬೇಕಾದವು. 1988ರಲ್ಲಿ ಯುವಜನರ ಗುಂಪು ವಿನಿಮಯಕ್ಕೆ ‘ಯೂತ್ ಫಾರ್ ಯುರೋಪ್’ ಬಂತು. ತೊಂಬತ್ತರ ದಶಕದ ನಡುವೆ ಶಿಕ್ಷಣಕ್ಕೆ ‘ಸಾಕ್ರಟೀಸ್’, ವೃತ್ತಿ ತರಬೇತಿಗೆ ‘ಲಿಯೊನಾರ್ಡೊ ಡಾ ವಿಂಚಿ’ ಎಂಬ ಎರಡು ದೊಡ್ಡ ಕಾರ್ಯಕ್ರಮಗಳು ನಿಂತವು. ಬಡಗಿ, ಬಾಣಸಿಗ, ಎಲೆಕ್ಟ್ರಿಷಿಯನ್ ಕೆಲಸ ಕಲಿಯುವವರು ಇನ್ನೊಂದು ದೇಶದ ವರ್ಕ್‌ಷಾಪಿನಲ್ಲಿ ಕೆಲವು ವಾರ ದುಡಿಯುವ ಅವಕಾಶ ಪಡೆದದ್ದು ಲಿಯೊನಾರ್ಡೊದಿಂದ. 1996ರಲ್ಲಿ ಸ್ವಯಂಸೇವೆಗೆ ಪ್ರತ್ಯೇಕ ಯೋಜನೆ ಬಂತು. 2007ರಿಂದ 2013ರವರೆಗೆ ಶಿಕ್ಷಣವೆಲ್ಲ ಒಂದು ಸೂರಿನಡಿ, ಯುವಜನ ಕಾರ್ಯಕ್ರಮ ಇನ್ನೊಂದರಡಿ ಇದ್ದವು. ಶಿಕ್ಷಣದ ಸೂರಿಗೆ ಸುಮಾರು 700 ಕೋಟಿ ಯೂರೊ, ಯುವಜನರಿಗೆ 88.5 ಕೋಟಿ.

ಯುವಜನ ವಿನಿಮಯದ ಬಗ್ಗೆ ಒಂದು ಮಾತು ಹೆಚ್ಚು ಹೇಳಲೇಬೇಕು. 13ರಿಂದ 30 ವಯಸ್ಸಿನವರು, ಐದರಿಂದ ಇಪ್ಪತ್ತೊಂದು ದಿನ, ಬೇರೆ ಬೇರೆ ದೇಶಗಳ ಗುಂಪುಗಳು ಒಂದೆಡೆ ಸೇರಿ ತಾವೇ ಆರಿಸಿದ ವಿಷಯದ ಮೇಲೆ ಕೆಲಸ ಮಾಡುತ್ತವೆ. ಪದವಿ ಬೇಡ, ಪರೀಕ್ಷೆ ಇಲ್ಲ. ಕಾಲೇಜಿನ ಮುಖ ನೋಡದ ಹುಡುಗನಿಗೂ ಇಲ್ಲಿ ಜಾಗವಿದೆ. ಖರ್ಚಿನ ಲೆಕ್ಕದಲ್ಲಿ ಇದು ಸಣ್ಣ ಬಾಬತ್ತು. ತಲುಪುವ ಜನರನ್ನು ನೋಡಿದರೆ ಇಡೀ ಯೋಜನೆಯ ಅತ್ಯಂತ ನ್ಯಾಯವಾದ ಭಾಗ ಎಂದು ನಾನು ನಂಬುತ್ತೇನೆ.

ಕ್ರೀಡೆ ಬಹಳ ತಡವಾಗಿ ಬಂತು. ಅದಕ್ಕೆ ಕಾರಣ ಕಾನೂನು. ಕ್ರೀಡೆಯ ಬಗ್ಗೆ ಐರೋಪ್ಯ ಒಕ್ಕೂಟಕ್ಕೆ ಅಧಿಕಾರವೇ ಇರಲಿಲ್ಲ. ಫುಟ್‌ಬಾಲ್ ಆಟಗಾರರ ವರ್ಗಾವಣೆ ಕುರಿತ 1995ರ ಬೋಸ್ಮನ್ ತೀರ್ಪು ಕ್ರೀಡೆಯನ್ನು ನೋಡಿದ್ದು ದುಡಿಮೆ ಮತ್ತು ಮಾರುಕಟ್ಟೆಯ ಕಣ್ಣಿನಿಂದ. 2009ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಲಿಸ್ಬನ್ ಒಪ್ಪಂದದ ಮೂಲಕ ಬಂದ 165ನೇ ವಿಧಿ ಮೊದಲ ಬಾರಿಗೆ ಶಿಕ್ಷಣ, ಯುವಜನರ ಜೊತೆಗೆ ಕ್ರೀಡೆಯನ್ನೂ ಸೇರಿಸಿತು. 2014ರಲ್ಲಿ ಎಲ್ಲ ಕಾರ್ಯಕ್ರಮಗಳೂ ಕೂಡಿ ‘ಎರಾಸ್ಮಸ್ ಪ್ಲಸ್’ ಆದಾಗ ಕ್ರೀಡೆಗೆ ಶೇ 1.8 ಪಾಲು ಸಿಕ್ಕಿತು, ಏಳು ವರ್ಷಕ್ಕೆ ಸುಮಾರು 26.5 ಕೋಟಿ ಯೂರೊ. ಡೋಪಿಂಗ್, ಮ್ಯಾಚ್ ಫಿಕ್ಸಿಂಗ್ ವಿರುದ್ಧದ ಕೆಲಸ, ಆಟದ ಜೊತೆ ಓದನ್ನೂ ಉಳಿಸಿಕೊಳ್ಳುವ ಆಟಗಾರರಿಗೆ ನೆರವು, ಹೆಂಗಸರನ್ನೂ ಅಂಗವಿಕಲರನ್ನೂ ಮೈದಾನಕ್ಕೆ ಕರೆತರುವುದು, ಇವು ಅದರ ಗುರಿಗಳಾದವು. ಆದರೆ ಅರ್ಜಿ ನೇರವಾಗಿ ಬ್ರಸೆಲ್ಸ್‌ಗೆ ಹೋಗಬೇಕಿತ್ತು. ಬಿಡುವಿನ ವೇಳೆಯಲ್ಲಿ ಸ್ವಯಂಸೇವಕರೇ ನಡೆಸುವ ಹಳ್ಳಿ ಕ್ಲಬ್ಬು ಅಷ್ಟು ದೊಡ್ಡ ಅರ್ಜಿ ತುಂಬುವುದು ಹೇಗೆ? 2023ರಲ್ಲಿ ಆಯಾ ದೇಶದ ಎರಾಸ್ಮಸ್ ಸಂಸ್ಥೆಯ ಮೂಲಕವೇ ಕೋಚ್‌ಗಳು ಮತ್ತು ಕ್ಲಬ್ಬಿನ ಕೆಲಸಗಾರರು ಹೋಗಿಬರಲು ದಾರಿಯಾಯಿತು: ಇನ್ನೊಂದು ಕ್ಲಬ್ಬಿನಲ್ಲಿ ನೋಡಿ ಕಲಿಯಲು ಎರಡರಿಂದ ಹದಿನಾಲ್ಕು ದಿನ, ತರಬೇತಿ ಕೊಡಲು ಅರವತ್ತು ದಿನಗಳವರೆಗೆ. ಒಬ್ಬ ಕೋಚ್ ಕಲಿತು ಬಂದರೆ ಮುಂದೆ ಅವನ ಕೈಕೆಳಗೆ ಆಡುವ ಮಕ್ಕಳೆಲ್ಲರಿಗೂ ಅದು ತಲುಪುತ್ತದೆ, ಹಾಗಾಗಿ ಈ ದುಡ್ಡು ಸಣ್ಣದಾದರೂ ದೂರ ಹೋಗುತ್ತದೆ.

ಮೊತ್ತಗಳ ಜಗಳ ಏಳು ವರ್ಷಕ್ಕೊಮ್ಮೆ ಮರುಕಳಿಸುತ್ತದೆ, ಏಕೆಂದರೆ ಒಕ್ಕೂಟದ ಆಯವ್ಯಯ ಚೌಕಟ್ಟು ಏಳು ವರ್ಷದ್ದು. 2014–20ಕ್ಕೆ ಸಿಕ್ಕಿದ್ದು 1,470 ಕೋಟಿ ಯೂರೊ. 2018ರಲ್ಲಿ ಆಯೋಗ ಮುಂದಿನ ಅವಧಿಗೆ 3,000 ಕೋಟಿ ಕೇಳಿತು. 2020ರ ಜುಲೈನಲ್ಲಿ ಸರ್ಕಾರಗಳ ಮುಖ್ಯಸ್ಥರು ಕತ್ತರಿ ಆಡಿಸಿದರು. ಐರೋಪ್ಯ ಸಂಸತ್ತು ಹಟ ಹಿಡಿದು 220 ಕೋಟಿ ಹೆಚ್ಚು ಪಡೆಯಿತು. ಕೊನೆಗೆ ನಿಂತದ್ದು ಸುಮಾರು 2,620 ಕೋಟಿ. 1987ರಿಂದ ಈವರೆಗೆ ಹೋಗಿಬಂದವರು ಒಂದೂವರೆ ಕೋಟಿಗೂ ಹೆಚ್ಚು. ಆದರೂ ಅನುದಾನ ಪೂರ್ಣ ಖರ್ಚನ್ನು ಭರಿಸದ ಕಾರಣ ಮನೆಯಿಂದ ದುಡ್ಡು ತರಿಸಿಕೊಳ್ಳಬಲ್ಲವರೇ ಮುಂದಿದ್ದರು ಎಂಬ ಆಕ್ಷೇಪ ಮೊದಲಿನಿಂದಲೂ ಇದೆ, ಅದು ನಿಜವೂ ಹೌದು. ಕಡಿಮೆ ಖರ್ಚಿನಲ್ಲಿ ಹೆಚ್ಚು ಜನರನ್ನು ಕಳಿಸಿದ ಯೋಜನೆಯೇ ಅತಿ ಬಡವರನ್ನು ಹೊರಗಿಟ್ಟಿತು. ಈಗ ಅವಕಾಶವಂಚಿತರಿಗೆ ತಿಂಗಳಿಗೆ 250 ಯೂರೊ ಹೆಚ್ಚುವರಿ ಕೊಡುವುದು ಈ ಲೋಪಕ್ಕೆ ತಡವಾಗಿ ಬಂದ ಉತ್ತರ.

ಹೊರಬಿದ್ದ ದೇಶಗಳ ಅನುಭವವೂ ಪಾಠವೇ. 2014ರಲ್ಲಿ ವಲಸೆಯ ಮೇಲೆ ಮಿತಿ ಹೇರುವ ಪರವಾಗಿ ಜನಮತ ಬಂದದ್ದರಿಂದ ಸ್ವಿಟ್ಜರ್ಲೆಂಡ್ ಯೋಜನೆಯ ಸದಸ್ಯತ್ವ ಕಳೆದುಕೊಂಡು, ಸ್ವಂತ ಹಣದಿಂದ ಪರ್ಯಾಯ ಕಟ್ಟಿತು. ತನ್ನ ಕಡೆ ಬರುವವರ ಖರ್ಚನ್ನೂ ತಾನೇ ಕೊಟ್ಟಿತು, ಇಲ್ಲದಿದ್ದರೆ ಯಾರೂ ಅದರೊಂದಿಗೆ ವಿನಿಮಯಕ್ಕೆ ಬರುತ್ತಿರಲಿಲ್ಲ. ಬ್ರಿಟನ್ 2020ರ ಡಿಸೆಂಬರ್‌ನಲ್ಲಿ ಹೊರನಡೆದು ‘ಟ್ಯೂರಿಂಗ್’ ಯೋಜನೆ ತಂದಿತು. ಮೊದಲ ವರ್ಷಕ್ಕೆ 11 ಕೋಟಿ ಪೌಂಡ್. ಜಗತ್ತಿನ ಯಾವ ದೇಶಕ್ಕಾದರೂ ಹೋಗಬಹುದೆಂಬುದು ಅದರ ಹೆಚ್ಚುಗಾರಿಕೆ. ಹೋಗುವವರಿಗಷ್ಟೇ ಹಣ, ಬರುವವರಿಗಿಲ್ಲ ಎಂಬುದು ಕೊರತೆ. ಅದೇ ಬ್ರಿಟನ್ನಿನೊಳಗಿನ ವೇಲ್ಸ್ ಸರ್ಕಾರ 6.5 ಕೋಟಿ ಪೌಂಡ್‌ಗಳ ‘ಟೈಥ್’ ಯೋಜನೆ ರೂಪಿಸಿ, ಬರುವವರಿಗೂ ಹಣ ಕೊಟ್ಟಿತು. ಶಾಲೆ, ಯುವಜನ ಸಂಘಗಳನ್ನೂ ಒಳಗೆ ತಂದಿತು. ಚಿಕ್ಕ ಸರ್ಕಾರಕ್ಕೆ ಮುಯ್ಯಿಯ ಬೆಲೆ ಚೆನ್ನಾಗಿ ಅರ್ಥವಾಗಿತ್ತು. 2027ರಿಂದ ಎರಾಸ್ಮಸ್‌ಗೆ ಮರಳುವುದಾಗಿ ಬ್ರಿಟನ್ 2025ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು.

ನಮ್ಮ ಪಾಲಿಗೆ ಬಂದದ್ದು ಮುಖ್ಯವಾಗಿ 2004ರಲ್ಲಿ ಆರಂಭವಾದ ‘ಎರಾಸ್ಮಸ್ ಮುಂಡಸ್’. ಕನಿಷ್ಠ ಮೂರು ದೇಶಗಳ ಮೂರು ಸಂಸ್ಥೆಗಳು ಕೂಡಿ ನಡೆಸುವ ಒಂದರಿಂದ ಎರಡು ವರ್ಷದ ಸ್ನಾತಕೋತ್ತರ ಕೋರ್ಸ್‌ಗೆ ಆಯ್ಕೆಯಾದವರಿಗೆ ತಿಂಗಳಿಗೆ 1,400 ಯೂರೊ. ಈ ವಿದ್ಯಾರ್ಥಿವೇತನ ಪಡೆಯುವ ದೇಶಗಳಲ್ಲಿ ಭಾರತ ಮುಂಚೂಣಿಯಲ್ಲಿದೆ. 2015ರಿಂದ ಅಲ್ಲಿನ ವಿಶ್ವವಿದ್ಯಾಲಯಗಳು ಇಲ್ಲಿನವುಗಳೊಂದಿಗೆ ಅಲ್ಪಾವಧಿ ವಿನಿಮಯವನ್ನೂ ನಡೆಸಬಹುದು. ಎರಡೂ ಒಳ್ಳೆಯವೇ. ಆದರೆ ಮುಂಡಸ್‌ನ ಆಯ್ಕೆ ಮತ್ತೆ ಸಣ್ಣ ಜರಡಿಯದೇ: ಇಂಗ್ಲಿಷ್ ಬಲ್ಲ, ಉತ್ತಮ ಅಂಕಗಳ ಪದವೀಧರರಿಗೆ. ರಾಯಚೂರಿನ ಐಟಿಐ ವಿದ್ಯಾರ್ಥಿಗೆ ಅದರಲ್ಲಿ ದಾರಿಯಿಲ್ಲ. ಯುರೋಪ್ ತನ್ನವರಿಗೆ ಕಟ್ಟಿಕೊಂಡ ಮುಯ್ಯಿಯ ವ್ಯವಸ್ಥೆಯನ್ನು ಹೊರಗಿನವರಿಗೆ ಪೂರ್ತಿ ಚಾಚಿಲ್ಲ. ಆದರೆ ನಮ್ಮ ರಾಜ್ಯಗಳ ನಡುವೆಯೇ, ನೆರೆಯ ದೇಶಗಳ ಜೊತೆಗೇ ಅಂಥದ್ದೊಂದನ್ನು ಕಟ್ಟಲು ನಮಗೆ ಯಾರ ಅಪ್ಪಣೆಯೂ ಬೇಕಿಲ್ಲ.

2025ರ ಜುಲೈನಲ್ಲಿ ಆಯೋಗ 2028–34ರ ಅವಧಿಗೆ 4,080 ಕೋಟಿ ಯೂರೊ ಪ್ರಸ್ತಾವ ಮುಂದಿಟ್ಟಿತು. ಮೊತ್ತ ದೊಡ್ಡದು. ಆದರೆ ಈಗ ಪ್ರತ್ಯೇಕವಾಗಿರುವ ಸ್ವಯಂಸೇವೆಯ ಯೋಜನೆಯನ್ನೂ ಇದರೊಳಗೆ ಸೇರಿಸಲಾಗಿದೆ, ಮತ್ತು ಶಿಕ್ಷಣ, ಯುವಜನ, ಕ್ರೀಡೆಗೆ ಇಂತಿಷ್ಟು ಎಂಬ ಶೇಕಡಾ ಪಾಲು ಅದರಲ್ಲಿಲ್ಲ. ಯುವಜನ ಮತ್ತು ಕ್ರೀಡಾ ಸಂಘಟನೆಗಳು ಇದನ್ನು ವಿರೋಧಿಸುತ್ತಿರುವುದು ಸರಿಯಾಗಿದೆ. ವಿಶ್ವವಿದ್ಯಾಲಯಗಳಿಗೆ ಕಚೇರಿಯಿದೆ, ಅರ್ಜಿ ಬರೆಯುವ ಸಿಬ್ಬಂದಿಯಿದೆ. ಸಂಜೆ ಹೊತ್ತು ಮಕ್ಕಳಿಗೆ ಆಟ ಕಲಿಸುವ ಕೋಚ್‌ಗೆ ಇರುವುದು ಕಾನೂನಿನಲ್ಲಿ ಬರೆದಿಟ್ಟ ಆ ಪಾಲು ಮಾತ್ರ.